ಸಿಸ್ಟರ್‌ಗಳ ಸ್ಕೂಲಿನ ರಿಸೋರ್ಸ್ ರೂಮು: 4 ಸ್ಟಾರ್, ಒಂದು ಯಾಕೆ ಕಟ್ ಮಾಡ್ದೆ ಅಂದ್ರೆ

ಮೊದ್ಲೇ ಹೇಳ್ಬಿಡ್ತೀನಿ, ಸ್ಕೂಲ್ ಹೆಸರು ಹಾಕಲ್ಲ. ಹೊಗಳಿದ್ದೂ ಇದೆ ಬೈದಿದ್ದೂ ಇದೆ, ಅದಕ್ಕೆ. ಇನ್ನೊಂದು ಕಾರಣ ಏನಂದ್ರೆ ಆ ರಿಸೋರ್ಸ್ ರೂಮಲ್ಲಿ (ಕಲಿಯೋಕೆ ತೊಂದ್ರೆ ಇರೋ ಮಕ್ಕಳಿಗೆ ಬೇರೆಯಾಗಿ ಕಲಿಸೋ ರೂಮು) ಈಗಾಗ್ಲೇ 14 ಮಕ್ಕಳಿದಾರೆ, ನಾನು ಹೆಸರು ಬರ್ದು ಇನ್ನೂ 20 ಜನ ಹೋಗಿ ಗೇಟಲ್ಲಿ ನಿಂತ್ರೆ ನನ್ ಮಗನಿಗೆ ಸಿಗೋ ಟೈಮೇ ಕಮ್ಮಿ ಆಗತ್ತೆ, ಸ್ವಾರ್ಥ ಅಂತ ಬೇಕಾದ್ರೆ ಅನ್ಕೊಳ್ಳಿ. ಶಿವಮೊಗ್ಗದಲ್ಲಿ ಸಿಸ್ಟರ್‌ಗಳು ನಡೆಸೋ ಕಾನ್ವೆಂಟ್ ಅಂತ ಇಟ್ಕೊಳ್ಳಿ ಸಾಕು. ಓದೋಕೆ ಬರಿಯೋಕೆ ಕಷ್ಟ ಇರೋ ಮಗುನ ಇಂಥ ಕಡೆ ಸೇರ್ಸೋಕೆ ಯೋಚ್ನೆ ಮಾಡ್ತಿರೋ ಅಪ್ಪ ಅಮ್ಮಂದಿರಿಗೆ ಅಂತ ಬರೀತಿದೀನಿ, ಉದ್ದ ಆಗತ್ತೆ, ಟೀ ಇಟ್ಕೊಂಡು ಓದಿ.

ನಮ್ಮೂರು ಮಂಡಗದ್ದೆ ಹತ್ರ. ಮಗನಿಗೆ ಈಗ 10 ವರ್ಷ. ಅವನಿಗೆ ಓದೋಕೆ ಬರಲ್ಲ ಅಂತ ನಂಗೆ ಗೊತ್ತಾಗಿದ್ದು ಸ್ಕೂಲಲ್ಲಿ ಅಲ್ಲ, ಶಿವಮೊಗ್ಗ ಬಸ್ ಸ್ಟ್ಯಾಂಡಲ್ಲಿ. ಎರಡನೇ ಕ್ಲಾಸಲ್ಲಿದ್ದ ಆಗ. ದಿನಾ ನಮ್ಮ ಬಸ್ಸು ಅವನೇ ತೋರಿಸ್ತಿದ್ದ, ಅಮ್ಮಾ ಅದೇ ನೋಡು ತೀರ್ಥಳ್ಳಿ ಬಸ್ಸು ಅಂತ, ನಾನೂ ಬೋರ್ಡ್ ಓದ್ತಾನೆ ಅನ್ಕೊಂಡು ಖುಷಿಪಡ್ತಿದ್ದೆ. ಒಂದಿನ ಆ ಬಸ್ಸು ಕೆಟ್ಟೋಗಿ ಬೇರೆ ಬಣ್ಣದ್ದು ಬಿಟ್ರು, ಬೋರ್ಡಲ್ಲಿ ಇಷ್ಟು ದಪ್ಪ ಅಕ್ಷರದಲ್ಲಿ ತೀರ್ಥಹಳ್ಳಿ ಅಂತ ಇದೆ, ಇವನು ಹತ್ತಲ್ಲ ಅಂತ ಅಳ್ತಾ ನಿಂತ. ಬಣ್ಣ ನೋಡಿ ಹೇಳ್ತಿದ್ದ ಅಷ್ಟೆ ಮಾರಾಯ್ರೆ, ಒಂದಕ್ಷರ ಓದ್ತಿರಲಿಲ್ಲ. ಆದ್ರೆ ನೋಟ್ಸ್ ನೋಡಿದ್ರೆ ಮುತ್ತು ಪೋಣಿಸಿದ ಹಾಗೆ ಬರೆದಿರ್ತಿದ್ದ, ಬೋರ್ಡ್ ಮೇಲೆ ಇದ್ದಿದ್ದನ್ನ ಚಿತ್ರ ಬಿಡಿಸಿದ ಹಾಗೆ ಇಳಿಸ್ಕೊಂಡು ಬರ್ತಿದ್ದ, ತಾನು ಬರ್ದಿದ್ದನ್ನ ತಾನೇ ಓದು ಅಂದ್ರೆ ಬಾಯಿ ಬಿಡ್ತಿರಲಿಲ್ಲ. ಆಗಿದ್ದ ಸ್ಕೂಲಲ್ಲಿ (ಇದಲ್ಲ, ಬೇರೆ) ಹೋಗಿ ಕೇಳಿದ್ರೆ ಹುಡುಗ ಚುರುಕಾಗಿದಾನೆ, ಸೋಮಾರಿತನ ಜಾಸ್ತಿ, ಮನೇಲಿ ಎರಡು ಬಿಡಿ ಅಂದ್ರು. ಬಿಟ್ಟೂ ಬಿಟ್ವಿ. ಅದನ್ನ ಬರೆಯೋಕೆ ಈಗ್ಲೂ ಕೈ ಬರಲ್ಲ.

ಈ ಸ್ಕೂಲಿಗೆ ಮೂರನೇ ಕ್ಲಾಸಿಗೆ ಸೇರ್ಸಿದ್ವಿ. ಅಡ್ಮಿಷನ್ ದಿನ ಸಿಸ್ಟರ್ ಅವನಿಗೆ ಟೆಸ್ಟ್ ಕೊಡ್ಲಿಲ್ಲ. ಒಂದು ಡಬ್ಬಿ ತುಂಬ ಅಡಿಕೆ ಇಟ್ಟು, ಇದರಲ್ಲಿ ಯಾವುದು ಚಾಲಿ ಯಾವುದು ಕೆಂಪಡಿಕೆ ಬೇರೆ ಮಾಡ್ಕೊಡ್ತೀಯಾ ಮರಿ, ನಂಗೆ ಗೊತ್ತಾಗಲ್ಲ ಅಂದ್ರು. ಅವರು ಕೇರಳ ಕಡೆಯೋರು, ನಿಜವಾಗ್ಲೂ ಗೊತ್ತಿತ್ತೋ ಇಲ್ವೋ ದೇವರಿಗೇ ಗೊತ್ತು. ಇವನು ಬೇರೆ ಮಾಡಿದ್ದಲ್ದೆ ಸುಲಿಯೋದು ಹೇಗೆ, ಬೇಯಿಸೋದು ಹೇಗೆ, ಚೊಗರು (ಅಡಿಕೆ ಬೇಯಿಸಿದ ನೀರು) ಅಂದ್ರೇನು, ಅರ್ಧ ಗಂಟೆ ಭಾಷಣ ಮಾಡ್ದ. ಸಿಸ್ಟರ್ ನನ್ ಕಡೆ ತಿರುಗಿ, ಅಮ್ಮಾ ಇವನಿಗೆ ಬುದ್ಧಿ ಕಮ್ಮಿ ಅಂತ ಯಾರಾದ್ರೂ ಅಂದಿದ್ರೆ ಮರ್ತುಬಿಡಿ, ಅಕ್ಷರದ ಹತ್ರ ಮಾತ್ರ ಎಲ್ಲೋ ಸಿಕ್ಕಾಕೊಂಡಿದಾನೆ ಅಂದ್ರು. ನಮ್ಮೆಜಮಾನ್ರು ಕಿಟಕಿ ಕಡೆ ಮುಖ ಮಾಡ್ಕೊಂಡ್ರು.

ರೂಮಿನ ವಿಷ್ಯ. ದೊಡ್ಡದೇನೂ ಅಲ್ಲ, ಹಳೇ ಕಟ್ಟಡದ ಕೊನೇಲಿ, ಪಕ್ಕದಲ್ಲಿ ಚಾಪೆಲ್ (ಸಿಸ್ಟರ್‌ಗಳ ಚಿಕ್ಕ ಪ್ರಾರ್ಥನೆ ಮನೆ). ಸ್ಪೆಷಲ್ ಎಜುಕೇಶನ್‌ನಲ್ಲಿ ಬಿ.ಎಡ್. ಮಾಡಿರೋ ಟೀಚರ್ ಒಬ್ರು, ನೋಡ್ಕೊಳ್ಳೋಕೆ ಸಿಸ್ಟರ್ ಒಬ್ರು. ಮಕ್ಕಳು ದಿನವಿಡೀ ಅಲ್ಲಿರಲ್ಲ, ಅದು ನಂಗೆ ಮುಖ್ಯವಾಗಿ ಇಷ್ಟ ಆಗಿದ್ದು. ನನ್ ಮಗ ದಿನಕ್ಕೆ ಎರಡು ಪೀರಿಯಡ್ ಹೋಗ್ತಾನೆ, ಮಿಕ್ಕಿದ್ದಕ್ಕೆಲ್ಲ ತನ್ನ ಕ್ಲಾಸಲ್ಲೇ ಫ್ರೆಂಡ್ಸ್ ಜೊತೆ. ಗೋಡೆ ಮೇಲೆ ಆ ದಿನದ ಕೆಲಸ ಎಲ್ಲ ಚಿತ್ರದಲ್ಲಿ ಅಂಟಿಸಿರ್ತಾರೆ, ಮುಗಿದಿದ್ದನ್ನ ಮಗುನೇ ಕಿತ್ತು ಡಬ್ಬಿಗೆ ಹಾಕ್ಬೇಕು. ಮರಳು ತಟ್ಟೆ, ಹುಣಸೆ ಬೀಜ, ಒಂದು ಸಾಲು ಮಾತ್ರ ಕಾಣೋ ಹಾಗೆ ಮಧ್ಯ ಕಿಟಕಿ ಕತ್ತರಿಸಿರೋ ರಟ್ಟು, ಇಂಥವೇ ಸಾಮಾನು. ಕಂಪ್ಯೂಟರ್ ಒಂದಿದೆ, ಅದರ ಮೇಲೆ ಬಟ್ಟೆ ಮುಚ್ಚಿದ್ದು ತೆಗೆದಿದ್ದು ನಾನಂತೂ ನೋಡಿಲ್ಲ.

ಈಗ ಅರ್ಕಾವತ್ತಿನ ಕಥೆ ಹೇಳ್ಲೇಬೇಕು. ಇಂಗ್ಲಿಷಲ್ಲಿ ಬಿ, ಡಿ ತಿರುವು ಮುರುವು ಮಾಡೋದು ಎಲ್ರಿಗೂ ಗೊತ್ತು, ಯೂಟ್ಯೂಬ್ ತುಂಬ ಅದೇ. ಕನ್ನಡದಲ್ಲಿ ಎಲ್ಲಿ ಎಡವ್ತಾರೆ ಅಂತ ಹೇಳೋರೇ ಇಲ್ಲ. ಪ, ಷ, ಫ ಮೂರೂ ಒಂದೇ ಥರ ಕಾಣತ್ತೆ ಇವನಿಗೆ, ವ ಮತ್ತೆ ಮ ಅದಲು ಬದಲು, ನಮ್ಮ ಕಡೆ ಮಾತಲ್ಲಿ ಮಹಾಪ್ರಾಣ ಯಾರೂ ಗಟ್ಟಿಯಾಗಿ ಎಳಿಯಲ್ಲ ಆದ್ರಿಂದ ದ ಯಾವುದು ಧ ಯಾವುದು ಅಂತ ಕಿವಿಯಿಂದ ತಿಳ್ಕೊಳ್ಳೋಕೂ ದಾರಿ ಇಲ್ಲ. ಎಲ್ಲಕ್ಕಿಂತ ಕಷ್ಟ ಅರ್ಕಾವತ್ತು. ಬಾಯಲ್ಲಿ ರ್ ಮೊದ್ಲು ಬರತ್ತೆ, ಬರೆಯೋವಾಗ ಮುಂದಿನ ಅಕ್ಷರ ಬರೆದಾದ ಮೇಲೆ ಅದರ ಬೆನ್ನಿಗೆ ಹಾಕ್ಬೇಕು. ನಾವೆಲ್ಲ ಚಿಕ್ಕಂದಿನಿಂದ ಬರ್ದು ಬರ್ದು ಗಮನಿಸೋದೇ ಇಲ್ಲ, ಆದ್ರೆ ಇವನಂಥ ಮಗು ಶಬ್ದ ಹಿಡ್ಕೊಂಡು ಒಂದೊಂದೇ ಅಕ್ಷರ ಬಿಡಿಸ್ತಾ ಬಂದು ಅಲ್ಲಿ ಬಿದ್ದೋಗತ್ತೆ. ಅವನ ತಾಲೂಕಿನ ಹೆಸರಲ್ಲೇ ಅರ್ಕಾವತ್ತು ನೋಡಿ, ಬಸ್ ಬೋರ್ಡ್ ಎಂತಕ್ಕೆ ಓದೋಕೆ ಆಗ್ಲಿಲ್ಲ ಅಂತ ನಂಗೆ ಅರ್ಥ ಆಗಿದ್ದು ಆಗ.

ಟೀಚರ್ ಏನ್ ಮಾಡಿದ್ರು ಅಂದ್ರೆ ಐದು ಮಕ್ಕಳನ್ನ ಜಗಲಿಲಿ ಸಾಲಾಗಿ ನಿಲ್ಲಿಸಿದ್ರು, ಒಬ್ಬ ತೀ, ಒಬ್ಬ ರ್, ಒಬ್ಬಳು ಥ, ಆಮೇಲೆ ಹ, ಳ್ಳಿ. ನಮ್ಮೋನು ರ್. ನೀನು ತೀ ಆದ ತಕ್ಷಣ ಕೂಗ್ಬೇಕು ಆದ್ರೆ ನಿಲ್ಲೋದು ಮಾತ್ರ ಥ ಹಿಂದೆ, ಯಾಕಂದ್ರೆ ನೀನು ಅವಸರದ ಹುಡುಗ ಬಾಯಿ ಮುಂದೆ ಕಾಲು ಹಿಂದೆ ಅಂದ್ರು. ಮಕ್ಕಳು ಬಿದ್ದು ಬಿದ್ದು ನಕ್ಕಿದ್ದೇ ನಕ್ಕಿದ್ದು. ಮನೆಗೆ ಬಂದು ಸೂರ್ಯ, ವರ್ಷ, ಮರ್ಯಾದೆ, ಎಲ್ಲದಕ್ಕೂ ಅಜ್ಜಿನ, ತಂಗಿನ, ನಾಯಿನ ಸಾಲಲ್ಲಿ ನಿಲ್ಲಿಸ್ದ. ಇನ್ನೊಂದು ಮಾತು ಹೇಳಿದ್ರು ಟೀಚರು, ಅರ್ಕಾವತ್ತು ತೀರಾ ಕಷ್ಟ ಅನ್ಸಿದ್ರೆ ರ ಬರ್ದು ಅದರ ಕೆಳಗೆ ಮುಂದಿನ ಅಕ್ಷರದ ಒತ್ತು ಕೊಟ್ಕೋ, ಹಾಗೆ ಬರೆಯೋರೂ ಇದಾರೆ, ತಪ್ಪಲ್ಲ ಅಂತ. ಆ ಒಂದು ಪರ್ಮಿಷನ್‌ನಿಂದ ಹುಡುಗನ ಹೆಗಲ ಮೇಲಿನ ಮೂಟೆ ಇಳಿದ ಹಾಗಾಯ್ತು. ಆದ್ರೆ ಇದನ್ನ ಅವನ ಕನ್ನಡ ಮಿಸ್‌ಗೆ ಯಾರೂ ಹೇಳಿರಲಿಲ್ಲ, ಅವರು ಟೆಸ್ಟಲ್ಲಿ ಅಂಥದ್ದಕ್ಕೆಲ್ಲ ಕೆಂಪು ಗೆರೆ ಎಳೆದು 20ಕ್ಕೆ 6 ಕೊಟ್ರು. ರಿಸೋರ್ಸ್ ರೂಮಿಗೂ ಕ್ಲಾಸ್ ರೂಮಿಗೂ ಮಧ್ಯ 40 ಹೆಜ್ಜೆ ದೂರ, ಮಾತು ಮಾತ್ರ ತಲುಪಲ್ಲ. ಅದು ಮೊದಲನೇ ಕಂಪ್ಲೇಂಟು.

ಸರ್ಟಿಫಿಕೇಟ್ ಬಗ್ಗೆ ಬೇಗ ಹೇಳಿ ಮುಗಿಸ್ತೀನಿ, ಇದು ಸ್ಕೂಲ್ ರಿವ್ಯೂ ತಾನೇ. ಓದೋ ಬರಿಯೋ ತೊಂದ್ರೆಗೆ 8 ವರ್ಷ ತುಂಬಿದ ಮೇಲೇನೇ ಸರ್ಟಿಫಿಕೇಟ್ ಕೊಡೋದು, ಅದಕ್ಕೂ ಮುಂಚೆ ಓಡಾಡಿ ಸುಸ್ತಾಗ್ಬೇಡಿ. ಮೊದ್ಲು ಕಣ್ಣು ಕಿವಿ ಚೆಕ್ ಮಾಡ್ಸಿ, ಆಮೇಲೆ ಕ್ಲಿನಿಕಲ್ ಸೈಕಾಲಜಿಸ್ಟ್ ಹತ್ರ ಟೆಸ್ಟು, ನಮಗೆ ಮಾಡಿದ್ದು ನಿಮ್ಹಾನ್ಸ್‌ನೋರು ರೆಡಿ ಮಾಡಿರೋ ಟೆಸ್ಟು, ಕನ್ನಡದಲ್ಲೂ ಓದ್ಸಿದ್ರು. 1995ರ ಕಾಯ್ದೆ ಪಟ್ಟಿಲಿ ಇದ್ದಿದ್ದು ಬರೀ 7 ಥರದ ವೈಕಲ್ಯ, 2016ರ ಹೊಸ ಕಾಯ್ದೆಲಿ 21 ಆಯ್ತು, ಈ ಕಲಿಕೆ ತೊಂದ್ರೆ, ಆಟಿಸಂ ಎಲ್ಲ ಆ ಪಟ್ಟಿಗೆ ಸೇರಿದ್ದು ಆವಾಗ. ನಮ್ಮೆಜಮಾನ್ರು ಮೂರು ತಿಂಗಳು ಬೇಡವೇ ಬೇಡ ಅಂದ್ರು, ಅಂಗವಿಕಲ ಅನ್ನೋ ಕಾರ್ಡು ನನ್ ಮಗನಿಗೆ ಯಾಕೆ, ನಾಳೆ ಊರಲ್ಲಿ ಏನಂತಾರೆ ಅಂತ. ಅವರನ್ನ ಒಪ್ಸಿದ್ದು ಸಿಸ್ಟರೇ. ಒಂದೇ ಮಾತು ಹೇಳಿದ್ರು, ನೋಡಿ ಇದು ಊರಿಗೆ ತೋರ್ಸೋ ಕಾರ್ಡಲ್ಲ, ಎಸ್‌ಎಸ್‌ಎಲ್‌ಸಿ ಹಾಲಿನ ಬಾಗಿಲಲ್ಲಿ ತೋರ್ಸೋ ಕಾರ್ಡು ಅಂತ. ಬರಿಯೋಕೆ ಆಗದೋರಿಗೆ ಬರ್ಕೊಡೋರು ಸಿಗ್ತಾರೆ, ಹೆಚ್ಚಿಗೆ ಟೈಮ್ ಕೂಡ, ಕೇಂದ್ರದ ಗೈಡ್‌ಲೈನ್ ಪ್ರಕಾರ ಗಂಟೆಗೆ 20 ನಿಮಿಷಕ್ಕೆ ಕಮ್ಮಿ ಇಲ್ಲದಂಗೆ. ಮೂರು ಗಂಟೆ ಪೇಪರಿಗೆ ಒಂದು ಗಂಟೆ ಜಾಸ್ತಿ ಅಂದ್ರೆ ಇಂಥ ಮಕ್ಕಳಿಗೆ ಅದು ಫೇಲು ಪಾಸಿನ ನಡುವಿನ ಗಂಟೆ.

ಮುಂದಿನದು ಎಲ್ರೂ ಕೇಳೋದು, ನಮ್ಮತ್ತೆನೂ ಕೇಳಿದ್ದು. ಅಲ್ಲಿ ಪ್ರಾರ್ಥನೆ ಗೀರ್ಥನೆ ಅಂತ ಮಾಡ್ಸಿ ನಮ್ ಹುಡುಗನ್ನ ಅವರ ಕಡೆ ಎಳ್ಕೊಳ್ತಾರಾ? ಬೆಳಿಗ್ಗೆ ಅಸೆಂಬ್ಲಿಲಿ ಪ್ರೇಯರ್ ಇದೆ, ಹೌದು. ಕ್ಯಾಥೊಲಿಕ್ ಮಕ್ಕಳು ಧರ್ಮೋಪದೇಶ ಕ್ಲಾಸಿಗೆ ಹೋದಾಗ ಮಿಕ್ಕಿದೋರು ಮಾರಲ್ ಸೈನ್ಸ್‌ಗೆ ಹೋಗ್ತಾರೆ. ಅಷ್ಟೇ. ಎರಡು ವರ್ಷ ಆಯ್ತು, ನನ್ ಮಗ ಸಂಜೆ ದೀಪ ಹಚ್ಚೋವಾಗ ಅತ್ತೆ ಪಕ್ಕ ಕೂತು ಭಜನೆ ಹೇಳ್ತಾನೆ, ಕ್ರಿಸ್‌ಮಸ್ ಬಂದ್ರೆ ಗೋದಲಿ ಕಟ್ಟೋಕೆ ಹುಲ್ಲು ತಗೊಂಡು ಹೋಗ್ತಾನೆ, ನಮ್ಮ ಕೊಟ್ಟಿಗೆ ಹುಲ್ಲೇ. ಅತ್ತೆ ಈಗ ಸಿಸ್ಟರ್‌ಗೆ ಅಪ್ಪೆಮಿಡಿ ಉಪ್ಪಿನಕಾಯಿ ಕಳಿಸ್ತಾರೆ, ನಂಗೂ ಅಷ್ಟು ಕೊಡಲ್ಲ.

ನಿಜ ಹೇಳ್ಬೇಕು ಅಂದ್ರೆ ಈ ವಿಷ್ಯದಲ್ಲಿ ನಮಗಿಂತ ಹೆಚ್ಚು ನೊಂದಿದ್ದು ಒಬ್ರು ಕ್ಯಾಥೊಲಿಕ್ ಅಮ್ಮ. ಕೊಂಕಣಿ ಮನೆಯೋರು, ಅವರ ಮಗನಿಗೆ ಆಟಿಸಂ, ಇದೇ ರೂಮಿಗೆ ಬರ್ತಾನೆ. ಅವರಲ್ಲಿ ಮೂರು ನಾಲ್ಕನೇ ಕ್ಲಾಸ್ ಹೊತ್ತಿಗೆ ಮಕ್ಕಳಿಗೆ ಮೊದಲ ಪರಮಪ್ರಸಾದ (ಚರ್ಚಲ್ಲಿ ಪೂಜೆ ಮಾಡಿ ಕೊಡೋ ರೊಟ್ಟಿ ತುಣುಕು) ಕೊಡಿಸ್ತಾರಂತೆ, ಬಿಳಿ ಬಟ್ಟೆ ಹಾಕಿ, ನೆಂಟರನ್ನೆಲ್ಲ ಕರ್ದು, ನಮ್ಮಲ್ಲಿ ಉಪನಯನ ಮಾಡೋ ಗಮ್ಮತ್ತಲ್ಲೇ. ಇವರ ಹುಡುಗ ಕ್ಲಾಸಲ್ಲಿ ಕೂರಲ್ಲ, ಪ್ರಶ್ನೆ ಉತ್ತರ ಬಾಯಿಪಾಠ ಹೇಳಲ್ಲ ಅಂತ ಮುಂದಿನ ವರ್ಷ ನೋಡೋಣ ಅಂತ ಎರಡು ಸಲ ತಳ್ಳಿದ್ರಂತೆ. ನಮ್ಮ ದೇವರ ಸ್ಕೂಲಲ್ಲೇ ನನ್ ಮಗನಿಗೆ ಜಾಗ ಇಲ್ಲ ಅಂದ್ರೆ ಇನ್ನೆಲ್ಲಿ ಹೋಗ್ಲಿ ಅಂತ ಗೇಟ್ ಹತ್ರ ನಿಂತು ಅತ್ರು ನನ್ ಮುಂದೆ. ಆಮೇಲೆ ಸಿಸ್ಟರ್ ಚರ್ಚಿನೊಳಗೆ ಎಲ್ಲಿ ಕೂರ್ಬೇಕು, ಯಾವಾಗ ಏಳ್ಬೇಕು, ಕೈ ಹೇಗೆ ಚಾಚ್ಬೇಕು ಎಲ್ಲ ಫೋಟೋ ತೆಗೆದು ಕಾರ್ಡ್ ಮಾಡಿದ್ರು. ಆ ಹುಡುಗ ಹೊಸ ತಿನಿಸು ಬಾಯಿಗೇ ಇಡಲ್ಲ, ಅದಕ್ಕೆ ಪೂಜೆಗೆ ಇಡೋಕೆ ಮುಂಚಿನ ಬರೀ ರೊಟ್ಟಿ ತುಣುಕು ದಿನಕ್ಕೆ ಇಷ್ಟಿಷ್ಟೇ ಅಂತ ರೂಢಿ ಮಾಡ್ಸಿದ್ರು, ಎರಡು ತಿಂಗಳು. ಜನ ಇಲ್ದಿರೋ ಹೊತ್ತಲ್ಲಿ ಚಾಪೆಲ್ಲಿಗೆ ಕರ್ಕೊಂಡು ಹೋಗಿ ಹೋಗಿ ಪ್ರಾಕ್ಟೀಸು. ಆ ದಿನ ಅವನು ಸಾಲಲ್ಲಿ ಹೋಗಿ ತಗೊಂಡು ವಾಪಸ್ ಬಂದು ಕೂತ, ಅಷ್ಟೇ, ಐದು ನಿಮಿಷದ ಕೆಲಸ. ನಮ್ಮನ್ನೂ ಊಟಕ್ಕೆ ಕರ್ದಿದ್ರು, ಸನ್ನ (ಇಡ್ಲಿ ಥರದ್ದು) ಚೆನ್ನಾಗಿತ್ತು, ನಾವು ತಿನ್ನದ್ದು ಬೇರೆ ಕಡೆ ಇಟ್ಟಿದ್ರು.

ಹಂಗಾದ್ರೆ ಸ್ಟಾರ್ ಯಾಕೆ ಕಟ್ಟು?

ಯಾಕಂದ್ರೆ ಹೋದ ವರ್ಷ ಜೂನಲ್ಲಿ ಆ ಸಿಸ್ಟರ್‌ಗೆ ಟ್ರಾನ್ಸ್‌ಫರ್ ಆಯ್ತು. ಕಾನ್ವೆಂಟ್ ಸ್ಕೂಲಿಗೆ ಮಕ್ಕಳನ್ನ ಹಾಕೋರು ಇದನ್ನ ಮೊದ್ಲೇ ತಿಳ್ಕೊಂಡಿರ್ಬೇಕು, ನಂಗೆ ಗೊತ್ತಿರಲಿಲ್ಲ. ಸಿಸ್ಟರ್‌ಗಳು ಅಲ್ಲಿಯ ಖಾಯಂ ಅಲ್ಲ. ಅವರದ್ದೊಂದು ಸಂಸ್ಥೆ ಇರತ್ತೆ, ಅದರ ಮೇಲಿನೋರು ಹೇಳಿದ್ರೆ ಹೊರಡ್ಬೇಕು, ಬಿಷಪ್ ಹತ್ರ ಹೋಗಿ ಕೇಳಿದ್ರೂ ಆಗಲ್ಲ ಅಂತ ಆ ಕೊಂಕಣಿ ಅಮ್ಮ ಹೇಳಿದ್ರು. ನಾವು ಬೇಸಿಗೆ ರಜೆ ಮುಗಿಸ್ಕೊಂಡು ಹೋದ್ರೆ ಸಿಸ್ಟರ್ ಇಲ್ಲ. ಅದೇ ತಿಂಗಳು ಸ್ಪೆಷಲ್ ಟೀಚರ್‌ಗೆ ಬೆಂಗಳೂರಲ್ಲಿ ಕೆಲಸ ಸಿಕ್ತು, ಅವರೂ ಹೋದ್ರು, ಅವರನ್ನ ಬೈಯೋಕಾಗಲ್ಲ, ಇಲ್ಲಿ ಕೊಡ್ತಿದ್ದ ಸಂಬಳ ಕೇಳಿದ್ರೆ ನೀವೂ ಹೋಗ್ತೀರ. ರೂಮಲ್ಲಿ ನೋಟ್‌ಬುಕ್ ಬಂಡಲ್, ಆನ್ಯುಯಲ್ ಡೇ ಪರದೆ ಎಲ್ಲ ತುಂಬಿದ್ರು. ನಾಲ್ಕು ತಿಂಗಳು ಹಾಗೇ. ಮಕ್ಕಳೆಲ್ಲ ತಮ್ತಮ್ಮ ಕ್ಲಾಸಿನ ಹಿಂದಿನ ಬೆಂಚಿಗೆ ವಾಪಸ್ಸು. ನನ್ ಮಗ ಮತ್ತೆ ಚಿತ್ರ ಬಿಡಿಸಿದ ಹಾಗೆ ನೋಟ್ಸ್ ಇಳಿಸ್ಕೊಂಡು ಬರೋಕೆ ಶುರು ಮಾಡ್ದ, ಮುತ್ತಿನಂಥ ಅಕ್ಷರ. ಅದನ್ನ ನೋಡಿದ್ರೇ ನಂಗೆ ಹೊಟ್ಟೆ ತೊಳಸ್ತಿತ್ತು.

ಹೊಸದಾಗಿ ಬಂದ ಹೆಡ್‌ಮಿಸ್ ಸಿಸ್ಟರ್ ಕೆಟ್ಟೋರೇನಲ್ಲ. ಹೋಗಿ ಕೇಳಿದ್ರೆ, ನಿಮ್ ಮಗನಿಗೆ ಏನ್ ಮಾಡ್ತಿದ್ರು ಅಂತ ಬರ್ದಿಟ್ಟಿದ್ದು ಏನಾದ್ರೂ ಇದ್ಯಾ ಅಂದ್ರು. ಒಂದು ಹಾಳೆ ಇರಲಿಲ್ಲ. ಹಳೇ ಸಿಸ್ಟರ್ ತಲೇಲಿ ಇತ್ತು ಎಲ್ಲ, ಅವರ ಜೊತೆ ರೈಲು ಹತ್ತಿ ಹೋಯ್ತು. ಅಲ್ಲಿವರೆಗೂ ಅವರನ್ನ ದೇವತೆ ಅಂತಿದ್ನಲ್ಲ ನಾನು, ಅವತ್ತು ಮೊದಲನೇ ಸಲ ಅವರ ಮೇಲೂ ಸಿಟ್ಟು ಬಂತು. ಅಷ್ಟೆಲ್ಲ ಮಾಡಿದೋರು ಒಂದು ಪುಟ ಬರ್ದಿಟ್ಟು ಹೋಗ್ಬಾರ್ದಿತ್ತಾ.

ನಾವು 9 ಜನ ಪೇರೆಂಟ್ಸ್ ಒಟ್ಟಾಗಿ ಹೋಗಿ ಕೂತ್ವಿ. ಜಗಳ ಆಡ್ಲಿಲ್ಲ (ಒಬ್ರು ಆಡಿದ್ರು, ಅವರನ್ನ ಹೊರಗೆ ಕರ್ಕೊಂಡು ಹೋಗಿ ಟೀ ಕುಡಿಸಿದ್ವಿ). ಕೇಳಿದ್ದು ಎರಡೇ, ಇನ್ನೊಬ್ರು ಟ್ರೇನಿಂಗ್ ಆಗಿರೋ ಟೀಚರ್ ಬೇಕು, ಪ್ರತಿ ಮಗುಗೆ ಒಂದು ಫೈಲ್ ಬೇಕು. ಟೀಚರ್ ಅಕ್ಟೋಬರಲ್ಲಿ ಬಂದ್ರು. ಫೈಲೂ ಆಯ್ತು, ಐಇಪಿ ಅಂತಾರೆ ಅದಕ್ಕೆ, ಮಗುಗೆ ಏನು ಬರತ್ತೆ, ಮುಂದಿನ ಟರ್ಮಿಗೆ ಏನು ಗುರಿ, ಯಾರು ಮಾಡ್ಸೋದು, ಎಲ್ಲ ಅದರಲ್ಲಿ. ನನ್ ಮಗನ ಫೈಲಿನ ಮೊದಲ ಹಾಳೆ ಹೀಗಿದೆ: ಹೇಳದೆ ಕೇಳದೆ ಎಬ್ಬಿಸಿ ಗಟ್ಟಿಯಾಗಿ ಓದಿಸ್ಬೇಡಿ. ಉತ್ತರ ಬಾಯಲ್ಲಿ ಕೇಳಿ. ರ ಕೆಳಗೆ ಒತ್ತು ಕೊಟ್ಟು ಬರೆದ್ರೆ ಮಾರ್ಕ್ಸ್ ಕಟ್ ಮಾಡ್ಬೇಡಿ. ಅಡಿಕೆ ಲೆಕ್ಕದಲ್ಲಿ ಕೇಳಿದ್ರೆ ಗಣಿತ ಬರತ್ತೆ. ಕೆಳಗೆ ಕ್ಲಾಸ್ ಟೀಚರ್, ಕನ್ನಡ ಮಿಸ್ ಎಲ್ಲರ ಸೈನು. ಆದ್ರಿಂದ ನೀವು ಯಾವುದೇ ಸ್ಕೂಲ್ ನೋಡೋಕೆ ಹೋದ್ರೂ ಸ್ಪೆಷಲ್ ಟೀಚರ್ ಇದಾರಾ ಅಂತ ಮಾತ್ರ ಕೇಳಿ ವಾಪಸ್ ಬರ್ಬೇಡಿ, ಅವರು ನಾಳೆ ಇಲ್ಲ ಅಂದ್ರೆ ಯಾವ ಫೈಲ್ ನೋಡಿ ಮುಂದಿನೋರು ಪಾಠ ಮಾಡ್ತಾರೆ ಅಂತ ಕೇಳಿ, ಖಾಲಿ ಫೈಲಾದ್ರೂ ಸರಿ ತೆಗೆದು ತೋರ್ಸೋಕೆ ಹೇಳಿ.

ಚಿಲ್ಲರೆ ವಿಷ್ಯಗಳು. ಸ್ಕೂಲ್ ಫೀಸ್ ಅಲ್ಲದೆ ರೂಮಿಗೆ ತಿಂಗಳಿಗೆ 500 ತಗೋತಾರೆ, ಕೊಡೋಕಾಗದೋರ ಹತ್ರ ತಗೊಳ್ಳಲ್ಲ, ಅದನ್ನ ಯಾರಿಗೂ ಗೊತ್ತಾಗದ ಹಾಗೆ ಮಾಡ್ತಾರೆ. ಆರ್‌ಟಿಇ ಸೀಟ್ ಕೇಳೋಕೆ ಹೋಗ್ಬೇಡಿ, ಅಲ್ಪಸಂಖ್ಯಾತರ ಸ್ಕೂಲಿಗೆ ಅದು ಅನ್ವಯಿಸಲ್ಲ ಅಂತ 2014ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಸ್ಪೀಚ್ ಥೆರಪಿಯೋರು ತಿಂಗಳಿಗೆ ಎರಡೇ ಸಲ ಬರೋದು, ಮಾತಿನ ತೊಂದ್ರೆ ಇರೋ ಮಗುಗೆ ಸಾಲಲ್ಲ. ವೀಲ್‌ಚೇರ್ ಮಗು ಆದ್ರೆ ಕೆಳಗಡೆ ರ‍್ಯಾಂಪ್ ಇದೆ, ಆದ್ರೆ ಐದನೇ ಕ್ಲಾಸಿಂದ ಮೇಲೆ ಮಾಳಿಗೆ, ಬರೀ ಮೆಟ್ಟಿಲು, ಮೊದ್ಲೇ ಮಾತಾಡ್ಕೊಳ್ಳಿ. ಡೈರಿಲಿ ಎಲ್ಲ ಇಂಗ್ಲಿಷಲ್ಲಿ ಬರೀತಾರೆ, ನಮ್ಮತ್ತೆಗೆ ಇಂಗ್ಲಿಷ್ ಬರಲ್ಲ, ಮಗು ಜೊತೆ ಸಂಜೆ ಕೂರೋದು ಅವರೇ, ಹೇಳಿ ಹೇಳಿ ಈಗ ಕನ್ನಡದಲ್ಲಿ ಒಂದು ಸಾಲು ಬರೀತಿದಾರೆ.

ಇನ್ನು ರೂಮಿನ ಮಾಡು. ಶೀಟ್ ಹಾಕಿದಾರೆ. ಮಲೆನಾಡಲ್ಲಿ, ಜುಲೈ ತಿಂಗಳಲ್ಲಿ, ಶಬ್ದ ತಡ್ಕೊಳ್ಳೋಕಾಗದ ಮಕ್ಕಳ ರೂಮಿಗೆ ಶೀಟ್ ಮಾಡು! ಯಾವ ಪುಣ್ಯಾತ್ಮ ಪ್ಲಾನ್ ಮಾಡಿದ್ನೋ. ಮಳೆ ಹೊಡ್ದಾಗ ನಮಗೇ ಪಕ್ಕದಲ್ಲಿರೋರ ಮಾತು ಕೇಳ್ಸಲ್ಲ, ಆ ಕೊಂಕಣಿ ಅಮ್ಮನ ಮಗ ಕಿವಿ ಮುಚ್ಕೊಂಡು ಟೇಬಲ್ ಕೆಳಗೆ ಕೂತ್ಬಿಡ್ತಾನೆ. ಕಿವಿಗೆ ಹಾಕೋ ಹೆಡ್‌ಫೋನ್ ಎರಡು ತಂದಿಟ್ಟಿದಾರೆ, ಜೋರು ಮಳೆಗೆ ಚಾಪೆಲ್ಲಿಗೆ ಕರ್ಕೊಂಡು ಹೋಗ್ತಾರೆ, ಅದು ಹಂಚಿನ ಮಾಡು, ಒಳಗೆ ಮರದ ಸೀಲಿಂಗ್ ಇದೆ, ಸದ್ದು ಸ್ವಲ್ಪ ಕಮ್ಮಿ ಇರತ್ತೆ.

ಫೀಸ್ ಕಟ್ಟೋಕೆ ಆಗಲ್ಲ, ದೂರ ಆಗತ್ತೆ ಅನ್ನೋರು ಸರ್ಕಾರಿ ಸ್ಕೂಲಲ್ಲೇ ಇದ್ರೂ ಕೈಕಟ್ಟಿ ಕೂರ್ಬೇಡಿ, ನಿಮ್ಮ ತಾಲೂಕಿನ ಬಿಆರ್‌ಸಿ (ಶಿಕ್ಷಣ ಇಲಾಖೆಯ ಬ್ಲಾಕ್ ಸಂಪನ್ಮೂಲ ಕೇಂದ್ರ) ಆಫೀಸಿಗೆ ಹೋಗಿ ಬಿಐಇಆರ್‌ಟಿ ಯಾರು ಅಂತ ಕೇಳಿ, ಇಂಥ ಮಕ್ಕಳಿಗೇ ಅಂತ ಇರೋ ಟೀಚರ್ ಅವರು, ಸ್ಕೂಲಿಗೆ ಬರೋಕೇ ಆಗದ ಮಕ್ಕಳ ಮನೆಗೂ ಹೋಗ್ತಾರೆ. ಒಂದು ತಾಲೂಕಿಡೀ ಓಡಾಡೋರು, ಕಾಯ್ಬೇಕಾಗತ್ತೆ, ಫೋನ್ ಮಾಡ್ತಾ ಇರಿ.

ನೋಡೋಕೆ ಹೋಗೋದಾದ್ರೆ ಮಧ್ಯಾಹ್ನ 3 ಗಂಟೆ ಮೇಲೆ ಹೋಗಿ, ಬೆಳಿಗ್ಗೆ ಟೀಚರ್ ಮಕ್ಕಳ ಜೊತೆ ಇರ್ತಾರೆ ಸಿಗಲ್ಲ. ಮಗುನ ಹಳೇ ನೋಟ್‌ಬುಕ್ ತಗೊಂಡು ಹೋಗಿ, ಮಾರ್ಕ್ಸ್ ಕಾರ್ಡ್‌ಗಿಂತ ಅದನ್ನೇ ಜಾಸ್ತಿ ನೋಡ್ತಾರೆ. ಮಳೆಗಾಲದಲ್ಲಿ ಫೋನ್ ಮಾಡ್ಕೊಂಡು ಹೊರಡಿ, ಡಿಸಿ ರಜೆ ಕೊಟ್ಟಿರೋದು ಗೊತ್ತಿಲ್ದೆ ನಾನು ಎರಡು ಸಲ ಗೇಟ್ ನೋಡ್ಕೊಂಡು ವಾಪಸ್ ಬಂದಿದೀನಿ.

ಅಪ್‌ಡೇಟ್: ಇದನ್ನ ಬರೆದಿಟ್ಟು ಹದಿನೈದು ದಿನ ಆಯ್ತು, ಅಷ್ಟರಲ್ಲಿ ಶೀಟ್ ಕೆಳಗೆ ಥರ್ಮೋಕೋಲ್ ಸೀಲಿಂಗ್ ಹಾಕ್ಸಿದಾರೆ. ಒಂದು ಮೂಲೇಲಿ ಸೋರ್ತಿದೆ. ಸ್ಟಾರ್ ನಾಲ್ಕೇ ಇರ್ಲಿ, ಮುಂದಿನ ಟ್ರಾನ್ಸ್‌ಫರ್ ಆದ್ಮೇಲೆ ನೋಡ್ತೀನಿ.